ಏಳನೆಯ ಕಪ್ಪು

ಇವತ್ತು ಬೆಳಿಗ್ಗೆ ನನ್ನ ಕಾಫಿ ಕಪ್ಪು ಕೈಜಾರಿ ಬಿತ್ತು. ಬಿದ್ದರೂ ಪೂರ್ತಿ ಒಡೆಯಲಿಲ್ಲ. ಹಿಡಿ ಒಂದು ಕಡೆ, ಅಂಚಿನದೊಂದು ಚೂರು ಇನ್ನೊಂದು ಕಡೆ ಹಾರಿ, ಉಳಿದದ್ದು ಉರುಳಿಕೊಂಡು ಹೋಗಿ ಅಕ್ಕಿ ಡಬ್ಬಿಯ ಪಕ್ಕ ನಿಂತಿತು. ನಮ್ಮ ಮನೆಕೆಲಸಕ್ಕೆ ಬರುವ ರುಕ್ಮಿಣಿ ಪೊರಕೆ ತಂದು ಚೂರು ಗುಡಿಸಿದಳು. ಆಮೇಲೆ ಕಪ್ಪನ್ನು ಎತ್ತಿ ಹಿಡಿದು, ಕೇಳಬೇಕಲ್ಲ ಎಂದು ಕೇಳಿದಳು.

"ಇದನ್ನ ಎಸೀಲಾ ಅಮ್ಮಾ, ಇಲ್ಲಾ ಗಿಡಕ್ಕಾ?"

ಹನ್ನೊಂದು ವರ್ಷದಿಂದ ಬರುತ್ತಿರುವವಳಿಗೆ ಉತ್ತರ ಗೊತ್ತಿತ್ತು. ಆದರೂ "ಗಿಡಕ್ಕೆ" ಎಂದೆ.

ನೀವು ಎಂದಾದರೂ ಕುಶಾಲನಗರದ ಕಡೆ ಬಂದರೆ ನಮ್ಮ ಮನೆ ಹುಡುಕುವುದು ಕಷ್ಟವಲ್ಲ. ಒಡೆದ ಪಾತ್ರೆಯ ಮನೆ ಎಂದರೆ ಆಟೋದವರು ಕರೆತಂದು ಬಾಗಿಲಿಗೇ ಬಿಡುತ್ತಾರೆ. ಕಾಂಪೌಂಡಿನ ಮೇಲೆ ಮೂತಿ ಮುರಿದ ಟೀ ಪಾಟು, ಸೀಳು ಬಿಟ್ಟ ಉಪ್ಪಿನಕಾಯಿ ಜಾಡಿ, ಅರ್ಧ ಚಂದ್ರನಾಗಿ ಉಳಿದ ಸಾರಿನ ಬಟ್ಟಲು ಸಾಲಾಗಿ ಕೂತಿವೆ. ಒಂದೊಂದರಲ್ಲೂ ಒಂದೊಂದು ಗಿಡ. ತಟ್ಟೆಯ ಚೂರುಗಳನ್ನು ಕೂಡ ಬಿಟ್ಟಿಲ್ಲ, ಅವು ಪಾತಿಯ ಅಂಚಿಗೆ ಹಲ್ಲು ಕಚ್ಚಿಕೊಂಡು ನಿಂತಿವೆ. ದಾರಿಹೋಕರು ನಿಂತು ಫೋಟೋ ತೆಗೆಯುತ್ತಾರೆ. ಎಲ್ಲಿ ಕಲಿತಿರಿ ಎಂದು ಕೇಳಿದರೆ, ನಾನು ಕನ್ನಡಕ ಸರಿಮಾಡಿಕೊಂಡು, "ನಮ್ಮ ಚಿಕ್ಕಮ್ಮನಿಂದ" ಎನ್ನುತ್ತೇನೆ. ಮೆಚ್ಚಿಕೊಂಡು ಹೋಗುತ್ತಾರೆ. ಚಿಕ್ಕಮ್ಮನ ಕಥೆಯಲ್ಲಿ ಹೂವು ಇರುವ ಅರ್ಧವನ್ನು ಮಾತ್ರ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಉಳಿದರ್ಧ ಹೇಳಬೇಕಾದರೆ ನಮ್ಮ ಮನೆಯ ಮಾನ ಸ್ವಲ್ಪ ಹೋಗುತ್ತದೆ. ಈಗ ನನಗೆ ಎಂಬತ್ತರ ಹತ್ತಿರ, ಮಾನವನ್ನು ಇಟ್ಟುಕೊಂಡು ಇನ್ನೇನು ಮಾಡಲಿ.

ರುಕ್ಮಿಣಿ ತನ್ನ ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು ಹಿತ್ತಲ ಮೆಟ್ಟಿಲಿಗೆ ಹೋಗಿ ಕೂತಳು. ನಾನು ಒಡೆದ ಕಪ್ಪನ್ನು ಮುಂದಿಟ್ಟುಕೊಂಡು ಕೂತೆ. ಕಪ್ಪಿನ ತಳದಲ್ಲಿ ಇನ್ನೂ ಕಾಫಿಯ ವಾಸನೆ ಇತ್ತು. ಅದೇ ನನ್ನನ್ನು ಸೋಮವಾರಪೇಟೆಗೆ ಎಳೆದುಕೊಂಡು ಹೋಯಿತು.

ಆಗ ಕೊಡಗು ತಾನೇ ಒಂದು ರಾಜ್ಯ, ಮಡಿಕೇರಿ ಅದರ ರಾಜಧಾನಿ. ಅಪ್ಪ ತಿತಿಮತಿಯಲ್ಲಿ ಕಾಡಿನ ಮರ ಕಡಿಯುವ ಕೂಪುಗಳ ಲೆಕ್ಕ ಬರೆಯುವ ಕೆಲಸದಲ್ಲಿದ್ದ. ಓದಿಗೆಂದು ನನ್ನನ್ನು ಸೋಮವಾರಪೇಟೆಯ ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದ. ಅದು ಪೇಟೆಬೀದಿಯ ಮನೆ. ಮುಂದೆ ಏಲಕ್ಕಿ, ಕಾಳುಮೆಣಸಿನ ಅಂಗಡಿ, ಅದರ ಪಕ್ಕಕ್ಕೆ ಉದ್ದನೆಯ ಜಗಲಿ, ಹಿಂದೆ ಮನೆ. ಅಂಗಡಿಯನ್ನು ಚಿಕ್ಕಪ್ಪ ನೋಡಿಕೊಳ್ಳುತ್ತಿದ್ದ. ಚಿಕ್ಕಪ್ಪನನ್ನು ಅಜ್ಜಿ ನೋಡಿಕೊಳ್ಳುತ್ತಿದ್ದಳು.

ಅಜ್ಜಿ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಿಮಗೆ ಸಂಶಯ ಬರಬಹುದು. ನಮ್ಮ ಜಗಲಿಗೆ ಬಂದ ಯಾರೂ ಕಾಫಿ ಕುಡಿಯದೆ ಇಳಿದುಹೋದದ್ದಿಲ್ಲ. ಏಲಕ್ಕಿ ತೂಗಿಸಲು ಬಂದ ದೊಡ್ಡ ಸಾಹುಕಾರರಿಗೂ ಕಾಫಿ, ಆ ಏಲಕ್ಕಿಯ ಮೂಟೆ ಹೊತ್ತು ತಂದವನಿಗೂ ಕಾಫಿ. ಬೆಲ್ಲದ ಕಾಫಿ, ಹಿತ್ತಾಳೆಯ ಚೊಂಬಿನಲ್ಲಿ ಹಬೆಯಾಡುತ್ತಾ ಬರುತ್ತಿತ್ತು. ಊಟಕ್ಕೆ ಕೂತರೆ ಅವಳ ಕಣ್ಣು ಬಡಿಸುವವರ ಕೈಮೇಲೆ. ಮುದ್ದಿನ ಮೊಮ್ಮಗಳೆಂದು ಯಾರಾದರೂ ನನ್ನ ಎಲೆಗೆ ತುಪ್ಪ ಎರಡು ತೊಟ್ಟು ಹೆಚ್ಚು ಹಾಕಿದರೆ ಸೌಟು ಅಲ್ಲೇ ನಿಲ್ಲುತ್ತಿತ್ತು. "ಒಂದೇ ಸಾಲಲ್ಲಿ ಕೂತೋರಿಗೆ ಭೇದ ಮಾಡಿದ್ರೆ ಅನ್ನ ಮೈಗೆ ಹತ್ತಲ್ಲ" ಎನ್ನುತ್ತಿದ್ದಳು. ಪಂಕ್ತಿಭೇದ ಎಂಬುದು ಅವಳ ಪಾಲಿಗೆ ಕಳ್ಳತನಕ್ಕಿಂತ ದೊಡ್ಡ ಪಾಪ. ನನಗೆ ಬರಬೇಕಾದ ಎಷ್ಟೋ ತುಪ್ಪ ಈ ಪಾಪದ ಭಯದಿಂದ ಪಾತ್ರೆಯಲ್ಲೇ ಉಳಿದುಹೋಯಿತು.

ಇಂಥ ಅಜ್ಜಿ ಜಗಲಿಯ ಗೋಡೆಯಲ್ಲಿ ಒಂದು ಗೂಡು ಮಾಡಿಸಿದ್ದಳು. ಗೂಡಿನಲ್ಲಿ ಏಳು ಪಿಂಗಾಣಿ ಕಪ್ಪುಗಳು ಬೋರಲಾಗಿ ಕೂತಿರುತ್ತಿದ್ದವು. ಒಳಗೆ ನಾವು ಕುಡಿಯುವುದು ಹಿತ್ತಾಳೆ, ಕಂಚಿನ ಲೋಟಗಳಲ್ಲಿ. ನಮ್ಮವರಲ್ಲದವರು ಕುಡಿಯುವುದು ಗೂಡಿನ ಕಪ್ಪುಗಳಲ್ಲಿ. ಆ ಕಪ್ಪು ಒಳಗೆ ಬರುವ ಹಾಗಿಲ್ಲ, ಈ ಲೋಟ ಹೊರಗೆ ಹೋಗುವ ಹಾಗಿಲ್ಲ. ಅಜ್ಜಿ ಚೊಂಬನ್ನು ಎತ್ತರದಲ್ಲಿ ಹಿಡಿದು, ಒಂದು ತೊಟ್ಟೂ ಚೆಲ್ಲದ ಹಾಗೆ ಮೇಲಿನಿಂದ ಕಾಫಿ ಬಿಡುತ್ತಿದ್ದಳು. ಆ ಕೈಚಳಕ ನೋಡಿ ನಾನು ಹೆಮ್ಮೆಪಡುತ್ತಿದ್ದೆ. ಯಾಕೆ ಅಷ್ಟು ಎತ್ತರದಿಂದ ಎಂದು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಗೂಡಿನೊಳಗೂ ಗಡಿಗಳಿದ್ದವು. ಚಿನ್ನದ ಗೆರೆಯ ಕಪ್ಪು ಏಲಕ್ಕಿ ತೋಟದ ಪೊನ್ನಪ್ಪನವರದು. ನೀಲಿ ಹೂವಿನದು ಸರ್ಕಾರದ ಕಡೆಯವರು ಬಂದಾಗ. ಹಸಿರು ಅಂಚಿನ ಆಳವಾದ ಕಪ್ಪು ಅದ್ದು ಕಾಕನದು. ಕಾಕ ಕಣ್ಣೂರಿನ ಕಡೆಯ ಮುಸಲ್ಮಾನ ವ್ಯಾಪಾರಿ, ಇಪ್ಪತ್ತು ವರ್ಷದಿಂದ ನಮ್ಮ ಮೆಣಸು ಕೊಳ್ಳುತ್ತಿದ್ದವನು. ಆಮೇಲೆ ಗಾಡಿಯವರದು, ದರ್ಜಿಯದು, ಹೀಗೆ. ಏಳನೆಯದು ದಪ್ಪ ಬಿಳಿ ಕಪ್ಪು, ಗೂಡಿನ ಮೂಲೆಯಲ್ಲಿ ಒಂಟಿಯಾಗಿರುತ್ತಿತ್ತು. ಅದು ಯಾರೆಂದು ಅಜ್ಜಿಗೆ ಗೊತ್ತಾಗದವರಿಗೆ. ಅದರಲ್ಲಿ ಕುಡಿದವರು ತಾವೇ ತೊಳೆದು ಬೋರಲು ಹಾಕಿ ಹೋಗಬೇಕು. ಕಲ್ಯಾಣಿ ನರ್ಸಮ್ಮನಿಗೆ ಆ ಕಪ್ಪು ಬಂದದ್ದು ಹೀಗೆ. ಮಲಯಾಳ ಸೀಮೆಯಿಂದ ಬಂದು ನಮ್ಮೂರಲ್ಲಿ ಹೆರಿಗೆ ಮಾಡಿಸುತ್ತಿದ್ದ ಅವರ ಜಾತಿ ಯಾವುದೆಂದು ಅಜ್ಜಿ ಎಷ್ಟು ಸುತ್ತಿಬಳಸಿ ಕೇಳಿದರೂ, ಅವರು ನಕ್ಕು ಹವಾಮಾನದ ಮಾತು ತೆಗೆಯುತ್ತಿದ್ದರು. ನನಗೆ ಇವತ್ತಿಗೂ ಗೊತ್ತಿಲ್ಲ.

ಚಿಕ್ಕಮ್ಮ ಅರಕಲಗೂಡಿನ ಕಡೆಯಿಂದ ಮದುವೆಯಾಗಿ ಬಂದವಳು. ಟ್ರಂಕಿನಲ್ಲಿ ಸೀರೆಗಳ ನಡುವೆ ಒದ್ದೆ ಬಟ್ಟೆ ಸುತ್ತಿದ ಗಿಡದ ಕಡ್ಡಿಗಳನ್ನು ತಂದಿದ್ದಳು. ಅಜ್ಜಿಗೆ ಎರಡೇ ಜಾತಿಯ ಗಿಡ ಗೊತ್ತು, ತಿನ್ನುವುದು ಮತ್ತು ಪೂಜೆಗೆ ಬರುವುದು. "ಇದು ಎರಡೂ ಅಲ್ಲವಲ್ಲ, ಇದಕ್ಕೆ ಕುಂಡ ಬೇರೆ ಕೇಡು" ಎಂದು ಚಿಕ್ಕಮ್ಮನ ಬಿಗೋನಿಯಾವನ್ನು ಹಿತ್ತಲಿಗೆ ಕಳಿಸಿದಳು. ಚಿಕ್ಕಮ್ಮ ಹಿತ್ತಲಲ್ಲಿ ಬಿದ್ದಿದ್ದ ಒಡಕು ಜಾಡಿಯೊಂದನ್ನು ಎತ್ತಿ, ಮಣ್ಣು ತುಂಬಿ, ಬಿಗೋನಿಯಾ ನೆಟ್ಟು ಬಚ್ಚಲಿನ ಕಿಟಕಿಯಲ್ಲಿ ಇಟ್ಟಳು. ಅದು ಹೂ ಬಿಟ್ಟಾಗ ಅಜ್ಜಿ ಬಚ್ಚಲಿನಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ಇರತೊಡಗಿದಳು. ಒಡಕಿನ ತೋಟ ಶುರುವಾದದ್ದು ಹೀಗೆ, ತೀರಾ ನಿರುಪದ್ರವಿಯಾಗಿ.

ಮರುವರ್ಷ ಮಾಘಮಾಸದಲ್ಲಿ ಚಿಕ್ಕಮ್ಮನ ಸೀಮಂತ ಆಯಿತು. ಮೂರು ದಿನ ಬಿಟ್ಟು ತವರಿಗೆ ಕರೆದೊಯ್ಯುವುದೆಂದು ಮಾತಾಗಿತ್ತು. ಮಗು ಅಷ್ಟು ಕಾಯಲಿಲ್ಲ. ಮರುದಿನ ಬೆಳಿಗ್ಗೆಯೇ ನೋವು ಬಂತು. ಎಂಟು ತಿಂಗಳಿಗೇ, ಅದೂ ಕಾಲು ಮುಂದಾಗಿ. ಕಲ್ಯಾಣಿ ನರ್ಸಮ್ಮ ಚಪ್ಪಲಿಯನ್ನೂ ಹಾಕದೆ ಓಡಿಬಂದರು. ನಡುಮನೆಯ ಪಕ್ಕದ ಕೋಣೆಯಲ್ಲಿ, ಅಜ್ಜಿಯ ಹಳೆಯ ಮಂಚದ ಮೇಲೆ, ಮಧ್ಯಾಹ್ನ ಮೂರರವರೆಗೆ ಹೆಣಗಿದರು. "ಮೋಳೇ, ಮಗಳೇ, ಹೆದರಬೇಡ, ನಾನಿಲ್ವಾ" ಎನ್ನುವ ಅವರ ದನಿ ಬಾಗಿಲಾಚೆಗೂ ಕೇಳುತ್ತಿತ್ತು. ಅಜ್ಜಿ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಹೊಸ್ತಿಲಲ್ಲಿ ಕೂತಿದ್ದಳು.

ಮಗು ಹುಟ್ಟಿತು, ಅಳಲಿಲ್ಲ. ನೀಲಿಗಟ್ಟಿತ್ತು. ನರ್ಸಮ್ಮ ಅದನ್ನು ಎತ್ತಿ, ಬಾಯಿ ಒರೆಸಿ, ಅದರ ಬಾಯಿಗೆ ತಮ್ಮ ಬಾಯಿ ಇಟ್ಟು ಮೆಲ್ಲಗೆ ಊದಿದರು. ಮತ್ತೆ ಊದಿದರು. ಬಾಗಿಲ ಸಂದಿಯಲ್ಲಿ ನಿಂತು ನಾನು ಎಣಿಸುತ್ತಿದ್ದೆ, ಎಣಿಕೆ ತಪ್ಪಿಹೋಯಿತು. ಆಮೇಲೆ ಬೆಕ್ಕಿನಮರಿಯ ಹಾಗೆ ಒಂದು ದನಿ ಬಂತು. ಅಜ್ಜಿ ಹೊಸ್ತಿಲಲ್ಲೇ ಜೋರಾಗಿ ಅತ್ತುಬಿಟ್ಟಳು.

ಅತ್ತು ಮುಗಿಸಿ ಎದ್ದು, ಕೈಕಾಲು ತೊಳೆದು, ಕಾಫಿ ಮಾಡಿದಳು. ನರ್ಸಮ್ಮ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದರು. ಅಜ್ಜಿ ಗೂಡಿನ ಮೂಲೆಯ ಕಪ್ಪನ್ನು ತೋರಿಸಿದಳು, ನರ್ಸಮ್ಮ ತಾವೇ ತೆಗೆದುಕೊಂಡರು, ಅಜ್ಜಿ ಮೇಲಿನಿಂದ ಕಾಫಿ ಬಿಟ್ಟಳು. ಅವರು ಕುಡಿದು, ಎದ್ದು, ಕಪ್ಪು ತೊಳೆದು, ಬೋರಲಿಟ್ಟು ಹೋದರು. ಬಾಣಂತಿಯ ಕೋಣೆಯ ಕಿಟಕಿ ಜಗಲಿಯ ಕಡೆಗೇ ಇತ್ತು. ಚಿಕ್ಕಮ್ಮ ಮಲಗಿದ್ದಲ್ಲಿಂದ ಇದನ್ನೆಲ್ಲ ನೋಡಿದಳು.

ಪುರುಡು ಕಳೆದ ಮೇಲೆ ಚಿಕ್ಕಮ್ಮ ಒಮ್ಮೆ ಬಾಯಿಬಿಟ್ಟು ಕೇಳಿಯೂ ನೋಡಿದಳು. "ಅತ್ತೆ, ನರ್ಸಮ್ಮಂಗಾದ್ರೂ ಒಳಗಿನ ಲೋಟದಲ್ಲಿ ಕೊಡಬಾರ್ದಾ?" ಅಜ್ಜಿ ಕೋಪಿಸಿಕೊಳ್ಳಲಿಲ್ಲ, ಆಶ್ಚರ್ಯಪಟ್ಟಳು. "ಅವರಿಗೆ ಸೀರೆ ಕೊಟ್ಟಿಲ್ವೇ, ಅಕ್ಕಿ ಕೊಟ್ಟಿಲ್ವೇ? ಲೋಟದ್ದು ರೂಢಿ ಕಣಮ್ಮ. ರೂಢಿಗೆ ಯಾಕೆ ಬೇಜಾರು?" ಚಿಕ್ಕಪ್ಪನನ್ನು ಕೇಳಿದರೆ, ಅವನು ಮೆಣಸಿನ ರಾಶಿಯಲ್ಲಿ ಏನೋ ಹುಡುಕತೊಡಗಿದ.

ಮೊದಲನೆಯ ಕಪ್ಪು ಒಡೆದದ್ದು ಅದಾದ ವಾರಕ್ಕೆ. ದರ್ಜಿಯದು. "ಕೈಜಾರಿತು ಅತ್ತೆ" ಎಂದಳು ಚಿಕ್ಕಮ್ಮ. ಕೈಜಾರಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ, ಯಾಕೆಂದರೆ ಗೋಣಿ ಹಿಡಿದುಕೊಂಡಿದ್ದವಳು ನಾನು. ಪಿಂಗಾಣಿ ಒಡೆಯುವುದು ಸುಲಭ, ಬೇಕಾದಷ್ಟೇ ಒಡೆಯುವುದು ಕಷ್ಟ. ಕಪ್ಪಿಗೆ ಒದ್ದೆ ಮರಳು ಗಿಡಿದು ತುಂಬಬೇಕು. ಒದ್ದೆ ಗೋಣಿಯಲ್ಲಿ ಸುತ್ತಬೇಕು. ಹಾರೆಕೋಲಿನ ತುದಿಯಿಂದ ಅಂಚಿಗೆ ಒಂದೇ ಏಟು, ಅಡಿಕೆ ಒಡೆದಷ್ಟು ಹಗುರ. ಆಮೇಲೆ ಬುಡದಲ್ಲಿ ಮೊಳೆ ಇಟ್ಟು ತಿರುಗಿಸುತ್ತಾ ತಿರುಗಿಸುತ್ತಾ ತೂತು ಮಾಡಬೇಕು. ಮರಳು ತುಂಬಿದ್ದರೆ ಕಪ್ಪು ಸೀಳುವುದಿಲ್ಲ. ಈ ವಿದ್ಯೆಯನ್ನು ನಾನು ಈಗಲೂ ಕೇಳಿದವರಿಗೆಲ್ಲ ಹೇಳಿಕೊಡುತ್ತೇನೆ. ಹೇಳಿಕೊಡದೆ ಬಿಟ್ಟದ್ದು ಚಿಕ್ಕಮ್ಮ ಆ ಹೊತ್ತಿಗೆ ಹೇಳಿದ ಮಾತನ್ನು.

"ನಿನ್ನ ತಮ್ಮನ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟೋರು ಕಣೇ ಪುಟ್ಟಿ ಅವರು. ಆ ಬಾಯಿ ಮುಟ್ಟಿದ ಮಗು ಒಳಗೆ ತೊಟ್ಟಿಲಲ್ಲಿ ಮಲಗಬೋದಂತೆ, ಆ ಬಾಯಿ ಮುಟ್ಟಿದ ಲೋಟ ಒಳಗೆ ಬರಬಾರ್ದಂತೆ. ಅವರು ಒಂದು ದಿನ ನಮ್ಮ ಲೋಟದಲ್ಲಿ ಕಾಫಿ ಕುಡೀಬೇಕು. ಅಲ್ಲೀವರ್ಗೂ ನನಗೆ ಕುಡಿದ ಕಾಫಿ ಗಂಟಲಲ್ಲಿ ಇಳಿಯಲ್ಲ."

ಉಪಾಯ ಅವಳದೇ. ಅಜ್ಜಿಗೆ ಬೇರೆ ಎರಡು ನಿಯಮಗಳೂ ಇದ್ದವು. ಬಂದವರನ್ನು ಕಾಫಿ ಕೊಡದೆ ಕಳಿಸಬಾರದು. ಒಡಕು ಕಪ್ಪಿನಲ್ಲಿ ಕೊಟ್ಟು ಅವಮಾನ ಮಾಡಬಾರದು. ಗೂಡು ಬರಿದಾದರೆ ಇವೆರಡೂ ಸೇರಿ, ಒಳಗಿನ ಲೋಟ ಹೊರಗೆ ಹೋಗಬಾರದೆಂಬ ಮೂರನೆಯ ನಿಯಮವನ್ನು ತಿಂದುಹಾಕುತ್ತವೆ ಎಂದು ಚಿಕ್ಕಮ್ಮನ ಲೆಕ್ಕ. ಸಂತೆಯಲ್ಲಿ ಹೊಸ ಕಪ್ಪು ಬಂದೀತೆಂಬ ಭಯವಿತ್ತು. ಬಂದವು ಕೂಡ, ಎರಡು. ಅವು ಗೂಡು ಏರುವ ಮೊದಲೇ ಬಿರುಕು ಬಿಟ್ಟವು. ಪಿಂಗಾಣಿಯವನನ್ನು ಅಜ್ಜಿ ಬೈದ ಬೈಗುಳಕ್ಕೆ ಅವನು ಮತ್ತೆ ನಮ್ಮ ಬೀದಿಗೆ ತಲೆಹಾಕಲಿಲ್ಲ. ಪಾಪ, ಅವನಲ್ಲಿ ನಾನು ಇವತ್ತಾದರೂ ಕ್ಷಮೆ ಕೇಳಬೇಕು. ಆಮೇಲೆ ಮಳೆ ಹಿಡಿಯಿತು, ಸಂತೆಗೆ ಪಿಂಗಾಣಿ ಬರುವುದೇ ನಿಂತಿತು.

ತೋಟವಂತೂ ದಿನದಿನಕ್ಕೆ ಏರುತ್ತಿತ್ತು. ಕಪ್ಪುಗಳನ್ನು ತೆಂಗಿನ ನಾರಿನ ಬಲೆಯಲ್ಲಿ ಕೂರಿಸಿ ಹಿತ್ತಲ ಸೂರಿಗೆ ತೂಗುಹಾಕಿದೆವು. ಒಂದರಲ್ಲಿ ಜರಿಗಿಡ, ಒಂದರಲ್ಲಿ ಮರದಿಂದ ಬಿಡಿಸಿ ತಂದ ಸೀತಾಳೆ ದಂಡೆ. ಕಪ್ಪುಗಳ ಬಸಿಗಳು ನೀರು ಹಿಡಿಯಲು ಕೆಳಗೆ. ಅಜ್ಜಿ ನೋಡಿ, "ಎಷ್ಟು ಚೆಂದಾಗಿ ಕೈಜಾರ್ತದೆ ನಿಂಗೆ" ಎಂದಳು. ಅದು ಮೆಚ್ಚುಗೆಯೋ ಬೇರೇನೋ ತಿಳಿಯದೆ ಚಿಕ್ಕಮ್ಮ ಎರಡು ದಿನ ಯಾವ ಕಪ್ಪನ್ನೂ ಮುಟ್ಟಲಿಲ್ಲ.

ಅದ್ದು ಕಾಕನ ಆಳದ ಕಪ್ಪಿನಲ್ಲಿ ಮಾತ್ರ ಅವಳು ತುಂಬೆ ಗಿಡ ನೆಟ್ಟಳು. ಶ್ರಾವಣದ ಮೊದಲ ಸೋಮವಾರ ಜಡಿಮಳೆ. ತುಂಬೆ ಹೂವಿಲ್ಲದೆ ಅಜ್ಜಿಯ ಶಿವಪೂಜೆ ಆಗುವುದಿಲ್ಲ, ತುಂಬೆ ಹೂವಿಗೆ ಗದ್ದೆ ಬದುವಿಗೆ ಹೋಗಲು ಮಳೆ ಬಿಡುವುದಿಲ್ಲ. ಸೂರಿನಡಿ ಬೆಳ್ಳಗೆ ಅರಳಿದ್ದ ಹೂಗಳನ್ನು ಕಂಡು ಅಜ್ಜಿ ಹಿಗ್ಗಿ, ಬಿಡಿಸಿ, ಅಂಗೈಯ ಲಿಂಗಕ್ಕೆ ಏರಿಸತೊಡಗಿದಳು. ನನಗೆ ಹೊಟ್ಟೆಯೊಳಗೆ ಮಾತು ನಿಲ್ಲಲಿಲ್ಲ.

"ಅಜ್ಜಿ, ಅದು ಕಾಕನ ಕಪ್ಪು."

ಅಜ್ಜಿಯ ಕೈ ನಡುವೆಯೇ ನಿಂತಿತು. ಚಿಕ್ಕಮ್ಮ ಮಗುವಿನ ಬಟ್ಟೆಯನ್ನು ಮಡಿಸಿದ್ದನ್ನೇ ಮಡಿಸುತ್ತಿದ್ದಳು. ಅಜ್ಜಿ ಹೂವನ್ನು ನೋಡಿದಳು, ಮಳೆಯನ್ನು ನೋಡಿದಳು, ಪೂಜೆ ಅರ್ಧಕ್ಕೆ ನಿಲ್ಲುವುದನ್ನು ಯೋಚಿಸಿರಬೇಕು. "ಮಣ್ಣು ತುಂಬಿದ ಮೇಲೆ ಕಪ್ಪು ಎಲ್ಲಿಂದ ಬಂತು? ಮಣ್ಣಿಗೆ ಯಾರ ಹಂಗೂ ಇಲ್ಲ" ಎಂದು ಹೂವು ಏರಿಸಿದಳು. ಪೂಜೆ ಮುಗಿದ ಮೇಲೆ ನನ್ನ ತಲೆಗೆ ಒಂದು ಮೊಟಕಿದಳು. ಹೇಳಿದ್ದಕ್ಕೋ, ಮೊದಲೇ ಹೇಳದ್ದಕ್ಕೋ ಕೇಳಲಿಲ್ಲ.

ಅಷ್ಟರಲ್ಲಿ ಗೂಡು ಬರಿದಾಗುತ್ತಾ ಬಂದಿತ್ತು. ಚಿನ್ನದ ಗೆರೆಯ ಕಪ್ಪು ಹೋದ ದಿನ ಪೊನ್ನಪ್ಪನವರಿಗೆ ಏನು ಮಾಡುವುದೆಂದು ಅಜ್ಜಿ ಒದ್ದಾಡಿ, "ದೊಡ್ಡ ಮನುಷ್ಯರು, ಇವತ್ತೊಂದು ದಿನ" ಎಂದು ಹಿತ್ತಾಳೆ ಲೋಟ ಕೊಟ್ಟಳು. ಕಾಕನಿಗೆ, "ಇಪ್ಪತ್ತು ವರ್ಷದ ವ್ಯಾಪಾರ, ಇವತ್ತೊಂದು ದಿನ." ಇವೆರಡು ಲೋಟಗಳನ್ನು ಬೇರೆ ಇಡಬೇಕೆಂದು ನನಗೆ ಅಪ್ಪಣೆಯಾಯಿತು. ತೊಳೆಯುವಾಗ ಬೆರೆಸಿಬಿಡಬೇಕೆಂದು ಚಿಕ್ಕಮ್ಮನ ಅಪ್ಪಣೆ. ಒಂದೇ ಅಚ್ಚಿನ ಲೋಟಗಳು, ಮೂರನೆಯ ದಿನಕ್ಕೆ ಯಾವುದು ಯಾವುದೆಂದು ನನಗೇ ತಿಳಿಯಲಿಲ್ಲ. ಜಗಲಿಯಲ್ಲಿ ಆಗ ದಿನವೂ ಒಂದೇ ಮಾತು, ಕೊಡಗು ಮೈಸೂರಿಗೆ ಸೇರಬೇಕೋ ಬೇಡವೋ. ಪೊನ್ನಪ್ಪನವರು ಒಂದು ದಿನ ಲೋಟ ತಿರುಗಿಸಿ ನೋಡುತ್ತಾ, "ನಾವು ಇಲ್ಲಿ ಸೇರುದಾ ಬೇಡ್ವಾ ಅಂತ ಕಚ್ಚಾಡ್ತಾ ಇದ್ದೇವೆ ಮಾರಾಯ, ಈ ಮನೆಯಲ್ಲಿ ಆಗ್ಲೇ ಎಲ್ಲ ಸೇರಿ ಆಯ್ತು" ಎಂದರು. ಅದ್ದು ಕಾಕ ಗಡ್ಡದೊಳಗೆ ನಕ್ಕ.

ಉಳಿದದ್ದು ಏಳನೆಯ ಕಪ್ಪು. ಚಿಕ್ಕಮ್ಮನ ಲೆಕ್ಕ ತಪ್ಪಿದ್ದು ಇಲ್ಲಿ. ಆ ಕಪ್ಪು ಒಡೆಯಲಿಲ್ಲ. ಎಂಥ ಮಣ್ಣಿನದೋ ಏನೋ, ಅರ್ಧ ಬೆರಳು ದಪ್ಪ. ಮರಳು ತುಂಬಿ ಹೊಡೆದಳು, ಮರಳಿಲ್ಲದೆ ಹೊಡೆದಳು. ಹಾರೆಕೋಲು ಪುಟಿಯಿತು. ಬಾವಿಕಟ್ಟೆಯ ಮೇಲಿಂದ ಬೀಳಿಸಿದರೆ ಉರುಳಿಕೊಂಡು ಹೋಗಿ ಅವರೆ ಚಪ್ಪರದ ಕೆಳಗೆ ಸುಮ್ಮನೆ ಕೂತಿತು. ಒಳಗಿನ ಲೋಟ ಸಿಗಬೇಕೆಂದು ಯಾರಿಗಾಗಿ ಇಷ್ಟೆಲ್ಲ ಮಾಡಿದಳೋ ಅವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಸಿಕ್ಕಿತ್ತು. ಇಡೀ ಗೂಡಿನಲ್ಲಿ ಈಗ ಒಂದೇ ಒಂದು ಕಪ್ಪು, ಬೀದಿಯಲ್ಲಿ ಹೋಗುವವರಿಗೂ ಕಾಣುವ ಹಾಗೆ. ಮೊದಲು ಏಳರಲ್ಲಿ ಒಂದಾಗಿದ್ದದ್ದು ಈಗ ಬೆರಳು ಮಾಡಿ ತೋರಿಸಿದಂತಿತ್ತು. ಚಿಕ್ಕಮ್ಮ ಕೊಟ್ಟಿಗೆಯ ಮೆಟ್ಟಿಲಲ್ಲಿ ಕೂತು ಅತ್ತಳು. "ನಾನು ಅವರಿಗೆ ಇನ್ನೂ ಅವಮಾನ ಮಾಡಿಟ್ಟೆ ಕಣೇ" ಎಂದಳು. ನಾನು ಕಪ್ಪನ್ನು ಮತ್ತೆ ಗೂಡಿನಲ್ಲಿ ಇಟ್ಟುಬಂದೆ, ಇಲ್ಲದಿದ್ದರೆ ಅಜ್ಜಿ ಹುಡುಕುತ್ತಿದ್ದಳು.

ನರ್ಸಮ್ಮ ಬಂದದ್ದು ಅದರ ಮಾರನೆಯ ದಿನ, ಮಗುವಿಗೆ ಶೀತ ಎಂದು ಹೇಳಿ ಕಳಿಸಿದ್ದಕ್ಕೆ. ಜಗಲಿಯಲ್ಲಿ ಪೊನ್ನಪ್ಪನವರೂ ಕಾಕನೂ ಮಳೆ ನಿಲ್ಲಲೆಂದು ಕೂತಿದ್ದರು. ಮಗುವನ್ನು ನೋಡಿ ಹೊರಬಂದ ನರ್ಸಮ್ಮ ಎಂದಿನಂತೆ ಕೆಳಗಿನ ಮೆಟ್ಟಿಲಲ್ಲಿ ಕೂರಲು ಹೋದರೆ ಅದರ ಮೇಲೆ ನೀರು ಹರಿಯುತ್ತಿತ್ತು. ಕಾಕ ಸರಿದು ಜಾಗ ಮಾಡಿ, "ಇಲ್ಲಿ ಇರಿ ಪೆಂಗಳೇ, ಮೆಟ್ಟಿಲು ಚಂಡಿಯಾಗಿದೆ" ಎಂದ, ತಂಗಿಯನ್ನು ಕರೆದ ಹಾಗೆ. ಅವರು ಜಗಲಿಯ ಮೇಲೆ, ಅದೇ ಸಾಲಿನಲ್ಲಿ ಕೂತರು.

ಅಜ್ಜಿ ಚೊಂಬು ಹಿಡಿದು ಬಂದಳು. ಪೊನ್ನಪ್ಪನವರ ಲೋಟಕ್ಕೆ ಬಿಟ್ಟಳು. ಕಾಕನ ಲೋಟಕ್ಕೆ ಬಿಟ್ಟಳು. ನರ್ಸಮ್ಮ ತಾವೇ ಎದ್ದು, ಗೂಡಿಗೆ ಕೈಹಾಕಿ, ತಮ್ಮ ಬಿಳಿ ಕಪ್ಪು ತೆಗೆದುಕೊಂಡು ಮತ್ತೆ ಬಂದು ಕೂತರು. ಕಪ್ಪನ್ನು ಚೆನ್ನಾಗಿ ತಗ್ಗಿಸಿ ಹಿಡಿದರು, ಅಜ್ಜಿಗೆ ತೊಂದರೆಯಾಗಬಾರದೆಂದು. ಪೊನ್ನಪ್ಪನವರು ತಮ್ಮ ಲೋಟದೊಳಗೇ ನೋಡತೊಡಗಿದರು. ಕಾಕ ಎತ್ತಿದ ಲೋಟವನ್ನು ಕುಡಿಯದೆ ಕೆಳಗಿಟ್ಟ. ಕಿಟಕಿಯ ಹಿಂದೆ ಚಿಕ್ಕಮ್ಮ, ಅವಳ ಸೆರಗು ಹಿಡಿದು ನಾನು.

ಅಜ್ಜಿಯ ಚೊಂಬು ಮೇಲೆದ್ದಿತು. ಅಲ್ಲೇ ನಿಂತಿತು. ಅವಳ ಕಣ್ಣು ಆ ಸಾಲಿನ ಮೇಲೆ ಒಂದು ಸಲ ಹೋಗಿ ಬಂತು. ಹಿತ್ತಾಳೆ, ಹಿತ್ತಾಳೆ, ಪಿಂಗಾಣಿ. ಊಟದ ಹೊತ್ತಿಗೆ ತುಪ್ಪದ ಸೌಟನ್ನು ನಿಲ್ಲಿಸುವಾಗ ಇರುತ್ತಿದ್ದ ಕಣ್ಣು ಅದು. ಎಲ್ಲರ ಕೈಯಲ್ಲೂ ಪಿಂಗಾಣಿ ಇದ್ದಷ್ಟು ದಿನ ಅವಳಿಗೆ ಇದು ಭೇದ ಎಂದು ಕಂಡಿರಲೇ ಇಲ್ಲ. ಈಗ ಅವಳದೇ ಜಗಲಿಯಲ್ಲಿ, ಅವಳದೇ ಕೈಯಿಂದ, ಒಂದೇ ಸಾಲಿನಲ್ಲಿ.

"ಆ ಕಪ್ಪು ಬೇಡ ತಾಯಿ, ಸೋರ್ತದೆ" ಎಂದಳು ಅಜ್ಜಿ.

ನರ್ಸಮ್ಮ ಕಪ್ಪಿನ ಬುಡ ತಿರುಗಿಸಿ ನೋಡಿದರು. "ಇಲ್ಲವಲ್ಲ ಅಮ್ಮ. ಕಳೆದ ಸಲ ಕುಡಿದದ್ದು, ಚೆನ್ನಾಗೇ ಉಂಟು."

"ಸೋರ್ತದೆ ಅಂದೆನಲ್ಲ. ಇರಿ."

ಒಳಗೆ ಹೋದವಳು ತನ್ನ ಸ್ವಂತ ಕಂಚಿನ ಲೋಟ ತಂದಳು. ಅದನ್ನು ನಾವು ಮೊಮ್ಮಕ್ಕಳೂ ಮುಟ್ಟುವಂತಿರಲಿಲ್ಲ. ನರ್ಸಮ್ಮನ ಪಕ್ಕದಲ್ಲಿ ಅದನ್ನಿಟ್ಟು, ಬಗ್ಗಿ, ಹತ್ತಿರದಿಂದ ಕಾಫಿ ಬಗ್ಗಿಸಿದಳು. ಬಗ್ಗಿದ್ದಕ್ಕೆ ಸೊಂಟ ನೋವಿಗೆ ಮುಲುಗಿದಳು. ನರ್ಸಮ್ಮ ನಿಧಾನವಾಗಿ ಕುಡಿದರು, ಯಾರ ಮುಖವನ್ನೂ ನೋಡಲಿಲ್ಲ. ಕುಡಿದು, ಅಭ್ಯಾಸದಂತೆ, ತೊಳೆಯಲೆಂದು ಎದ್ದರು. ಅಜ್ಜಿ ಕೈ ಚಾಚಿದಳು. "ಕೊಡಿ ಇಲ್ಲಿ."

ಲೋಟ ಕೈಯಿಂದ ಕೈಗೆ ಬಂತು. ಚಿಕ್ಕಮ್ಮ ಕಿಟಕಿಯ ಸರಳಿಗೆ ಹಣೆ ಹಚ್ಚಿ ನಿಂತುಬಿಟ್ಟಳು.

ಅಜ್ಜಿ ಅವತ್ತಿಗೇ ಬದಲಾಗಿಬಿಟ್ಟಳು ಎಂದು ಹೇಳಿದರೆ ಅವಳೇ ಮೇಲಿಂದ ಬಂದು ಮೊಟಕಿಯಾಳು. ಆ ಲೋಟವನ್ನು ಹುಣಸೆಹಣ್ಣು ಹಾಕಿ ಮೂರು ಸಲ ಉಜ್ಜಿದಳು. ಆದರೆ ಮರುದಿನ ಬೆಳಿಗ್ಗೆ ಅದರಲ್ಲೇ ಕಾಫಿ ಕುಡಿದಳು. ಕುಡಿದಾದ ಮೇಲೆ ಜಗಲಿಗೆ ಹೋಗಿ, ಗೂಡಿನ ಕೊನೆಯ ಕಪ್ಪು ತಂದು ಚಿಕ್ಕಮ್ಮನ ಮುಂದೆ ಇಟ್ಟಳು.

"ಸೋರ್ತದೆ ಅಂದುಬಿಟ್ಟಿದ್ದೀನಿ. ಶ್ರಾವಣಮಾಸ, ನನ್ನ ಬಾಯಲ್ಲಿ ಸುಳ್ಳು ನಿಲ್ಲಬಾರ್ದು. ಸೋರೋ ಹಂಗೆ ಮಾಡು."

ಚಿಕ್ಕಮ್ಮ "ಅದು ಒಡೆಯಲ್ಲ ಅತ್ತೆ" ಎಂದಳು.

"ಆರು ಒಡೆದವಳಿಗೆ ಇದೊಂದು ಕಷ್ಟವಾ? ಆಚಾರಿ ಹತ್ರ ಕಳಿಸು, ಬೈರಿಗೆ ಹಾಕಿ ಕೊರೀತಾನೆ. ದೊಡ್ಡಪತ್ರೆ ನೆಡು, ಮಗೂನ ಶೀತಕ್ಕಾಗ್ತದೆ."

ಆಮೇಲೆ ಆ ಗೂಡಿನಲ್ಲಿ ಅಜ್ಜಿ ಸೀಮೆಎಣ್ಣೆ ಬುಡ್ಡಿ ಇಡುತ್ತಿದ್ದಳು. ಚಿಕ್ಕಮ್ಮ ಮುದುಕಿಯಾಗಿ ತೀರಿಕೊಂಡಾಗ ಹಿತ್ತಲಲ್ಲಿ ಆ ದಪ್ಪ ಬಿಳಿ ಕಪ್ಪು ಇನ್ನೂ ಇತ್ತು. ಅದನ್ನು ನಾನು ಕೇಳಿ ತಂದುಕೊಂಡೆ. ನಮ್ಮ ಕಾಂಪೌಂಡಿನ ಗೇಟಿನ ಪಕ್ಕದಲ್ಲಿರುವುದು ಅದೇ. ದೊಡ್ಡಪತ್ರೆ ಬಗ್ಗಿ ಬಗ್ಗಿ ಬೆಳೆದಿದೆ, ಹೆಚ್ಚು ಜನ ಫೋಟೋ ತೆಗೆಯುವುದು ಅದನ್ನೇ.

ಇಷ್ಟೆಲ್ಲ ನೆನೆಯುತ್ತಾ ನಾನು ಇವತ್ತು ಬೆಳಿಗ್ಗೆ ಅಡಿಗೆಮನೆಯಲ್ಲಿ ಕೂತಿದ್ದೆ, ಚಿಕ್ಕಮ್ಮನ ಬಗ್ಗೆ ಹೆಮ್ಮೆ, ಅವಳ ಗೋಣಿ ಹಿಡಿದ ನನ್ನ ಬಗ್ಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಹೆಮ್ಮೆ. ಅಷ್ಟರಲ್ಲಿ ಹಿತ್ತಲಲ್ಲಿ ನಲ್ಲಿಯ ಸದ್ದಾಯಿತು. ರುಕ್ಮಿಣಿ ಕಾಫಿ ಮುಗಿಸಿ, ತನ್ನ ಸ್ಟೀಲ್ ಲೋಟ ತೊಳೆದು, ಹಿತ್ತಲ ಕಿಟಕಿಯ ಕಟ್ಟೆಯ ಮೇಲೆ ಬೋರಲಾಗಿ ಇಟ್ಟಳು.

ಹನ್ನೊಂದು ವರ್ಷದಿಂದ ಅಲ್ಲೇ ಇಡುತ್ತಾಳೆ. ಅಲ್ಲಿಡು ಎಂದು ನಾನು ಹೇಳಿದ್ದಿಲ್ಲ. ಮೊದಲ ದಿನ ಆ ಲೋಟದಲ್ಲಿ ಕಾಫಿ ಕೊಟ್ಟೆ, ಅದು ಅವಳದಾಯಿತು, ಅಷ್ಟೆ. ದೊಡ್ಡ ಲೋಟ, ಹೆಚ್ಚು ಕಾಫಿ ಹಿಡಿಯುತ್ತದೆ, ಅವಳಿಗೂ ಅನುಕೂಲ ಎಂದೆಲ್ಲ ನನ್ನೊಳಗೆ ಸಮಜಾಯಿಷಿಗಳು ಎದ್ದು ನಿಂತವು. ಎಲ್ಲವೂ ಅಜ್ಜಿಯ ದನಿಯಲ್ಲೇ ಇದ್ದವು. ಗೇಟಿನ ಪಕ್ಕ ಆ ಕಪ್ಪನ್ನು ಸಿಂಗರಿಸಿಟ್ಟು ಬಂದವರಿಗೆಲ್ಲ ಕಥೆ ಹೇಳುವ ಹೆಂಗಸು ನಾನು, ಹಿಂದೆ ಕಿಟಕಿಯಲ್ಲಿ ಇದನ್ನು ಇಟ್ಟುಕೊಂಡಿದ್ದೇನೆ. ನನಗೆ ನಾಚಿಕೆಯಾಯಿತು. ಸ್ಟೀಲು ಒಡೆಯುವುದೂ ಇಲ್ಲ, ಕೈಜಾರಿತು ಎಂದು ನೆಪ ಹೇಳಲು.

ಎದ್ದು ಸುತ್ತಿಗೆ, ದೊಡ್ಡ ಮೊಳೆ ಹುಡುಕಿದೆ. ಲೋಟವನ್ನು ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿ, ಬುಡದ ನಡುವೆ ಮೊಳೆ ಇಟ್ಟು ಹೊಡೆದೆ. ಮೊದಲ ಏಟು ಬೆರಳಿಗೆ ಬಿತ್ತು. ಸದ್ದಿಗೆ ರುಕ್ಮಿಣಿ ಪೊರಕೆ ಹಿಡಿದೇ ಓಡಿಬಂದಳು.

"ಅಯ್ಯೋ, ಚೆನ್ನಾಗಿತ್ತಲ್ಲಮ್ಮ ಅದು."

"ಸೋರ್ತಿತ್ತು."

"ಎಲ್ಲಿ ಸೋರ್ತಿತ್ತು? ಈಗ ತಾನೇ ಕುಡಿದೆ ನಾನು."

"ಈಗ ಸೋರ್ತದೆ ನೋಡು" ಎಂದು ಲೋಟವನ್ನು ಎತ್ತಿ ಬೆಳಕಿಗೆ ಹಿಡಿದೆ. ಅವಳು ತೂತಿನಿಂದ ನನ್ನನ್ನು ನೋಡಿದಳು. ವಯಸ್ಸಾಯಿತು ಪಾಪ ಎಂದುಕೊಂಡಿರಬೇಕು.

"ಇನ್ನು ನಾನು ಯಾತರಲ್ಲಿ ಕುಡೀಲಿ?"

"ಶೆಲ್ಫಲ್ಲಿ ಇಲ್ವಾ? ಯಾವುದು ಬೇಕೋ ತಗೋ. ನನ್ನದೂ ಒಡೆದಿದೆ, ಇಬ್ಬರಿಗೂ ಇನ್ನೊಂದು ಸಲ ಮಾಡ್ತೀನಿ."

ಅವಳು ಸ್ವಲ್ಪ ಹೊತ್ತು ಶೆಲ್ಫಿನ ಮುಂದೆ ನಿಂತು, ಎಲ್ಲವನ್ನೂ ನೋಡಿ, ನನ್ನ ಸೊಸೆ ಮದುವೆಗೆ ತಂದ ಚಿನ್ನದ ಅಂಚಿನ ಕಪ್ಪು-ಬಸಿಯನ್ನು ಇಳಿಸಿಕೊಂಡಳು. ನೆಂಟರಿಗೆಂದು ಇಟ್ಟದ್ದು, ನಾನೇ ಅದರಲ್ಲಿ ಕುಡಿದಿಲ್ಲ. ಇದೇ ಬೇಕಿತ್ತಾ ಇವಳಿಗೆ ಎಂದು ಒಂದು ಗಳಿಗೆ ಅನ್ನಿಸಿಯೇಬಿಟ್ಟಿತು. ಮುಚ್ಚಿಡುವುದೇನು, ನಾನು ಆ ಅಜ್ಜಿಯ ಮೊಮ್ಮಗಳೇ.

ಕಾಫಿ ಮಾಡಿದೆ. ಮೆಟ್ಟಿಲಿಗೆ ಹೊರಟವಳನ್ನು ಮೇಜಿನ ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ಸ್ಟೀಲ್ ಲೋಟದಲ್ಲಿ ಪುದೀನ ಬಂದೀತೇ ಎಂದು ಮಾತಾಡಿದೆವು. ಬಂದೀತು ಎಂದಳು ಅವಳು. ಕಾಫಿ ಮುಗಿಯಿತು. ಅವಳು ಕಪ್ಪು ಹಿಡಿದು ನಲ್ಲಿಯ ಕಡೆಗೆ ಎದ್ದಳು.

ನಾನು ಕೈ ಚಾಚಿದೆ.

"ಕೊಡು ಇಲ್ಲಿ" ಎಂದೆ.